ಆಯುಧಪೂಜೆಗೆ ಮಲಗಿದ ಮೆಷೀನು

ನನಗೆ ಕಾಯುವುದು ಬರುವುದಿಲ್ಲ. ಮಲಾಡ್ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ತಡ ಎಂದು ಗೊತ್ತಾದರೆ ಎದುರಿಗೆ ಬಂದ ಸ್ಲೋ ಲೋಕಲ್ ಹತ್ತಿಬಿಡುವವಳು ನಾನು. ದಾದರ್ ತಲುಪುವಷ್ಟರಲ್ಲಿ ಆ ಫಾಸ್ಟ್ ನನ್ನನ್ನು ಹಿಂದೆ ಹಾಕಿ ಹೋಗಿರುತ್ತದೆ. ಆದರೂ ಸುಮ್ಮನೆ ನಿಂತಿರಲಿಲ್ಲವಲ್ಲ ಎಂದು ನನಗೊಂದು ಸಮಾಧಾನ. ಇಂಥವಳು ಆ ವರ್ಷದ ದಸರೆಯ ಬೆಳಿಗ್ಗೆ ಹೊಸ ಸೀರೆ ಉಟ್ಟು, ಸೇವಂತಿಗೆ ಮುಡಿದು, ಒಂದು ಕಂಪ್ಯೂಟರಿನ ಮುಂದೆ ಕೂತು ಅದರ ಒಂದೇ ಕೀಲಿಯನ್ನು ಒತ್ತುತ್ತ ಒತ್ತುತ್ತ ಮಧ್ಯಾಹ್ನ ಮಾಡಿದೆ. ಅದು ಏಳಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ದಾದರಿನ ಹೂವಿನ ಮಾರ್ಕೆಟ್ ದಾಟಿದರೆ ಒಂದು ಹಳೆಯ ಬಿಲ್ಡಿಂಗಿನ ಮಾಳಿಗೆಯ ಮೇಲೆ ನಮ್ಮ ಸ್ಟುಡಿಯೋ. ಜಾಹೀರಾತು, ಪುಸ್ತಕದ ಮುಖಪುಟ, ಸೋಪಿನ ಹೊದಿಕೆ, ಹೀಗೆ ಅಚ್ಚಿಗೆ ಹೋಗುವ ಮೊದಲಿನ ಕೆಲಸವೆಲ್ಲ ನಮ್ಮದು. ಅಲ್ಲಿಯ ಮಾಲೀಕರು ಮರಾಠಿಯವರು. ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು. ಇಡೀ ದಾದರಿನಲ್ಲಿ ಯಾರ ಬಳಿಯೂ ಇಲ್ಲದ ಮೆಷೀನನ್ನು ಅವರು ಅಮೆರಿಕದಿಂದ ತರಿಸಿದ್ದರು. ಬ್ಯಾಂಕಿನಲ್ಲಿ ಲೆಕ್ಕ ಮಾಡುವ ಕಂಪ್ಯೂಟರಿನ ಜಾತಿಯದಲ್ಲ ಅದು. ಚಿತ್ರ ಬರೆಯುವವರಿಗೆ, ಅಕ್ಷರ ಕೂಡಿಸುವವರಿಗೆ ಎಂದೇ ಮಾಡಿದ್ದು. ಅಗಲವಾದ ಬೂದು ಬಣ್ಣದ ಪೆಟ್ಟಿಗೆ, ಅದರ ಮೇಲೆ ಇಬ್ಬರು ಹಿಡಿದೆತ್ತಬೇಕಾದ ಬಣ್ಣದ ಪರದೆ. ಗಾಜಿನ ಕೋಣೆ, ಏಸಿ, ಚಪ್ಪಲಿ ಹೊರಗೆ. ಏಸಿಯ ತಂಪು ಸಿಕ್ಕೀತೆಂದು ಸ್ಟುಡಿಯೋದವರೆಲ್ಲ ಏನಾದರೂ ನೆಪ ಮಾಡಿಕೊಂಡು ಒಳಗೆ ಬರುತ್ತಿದ್ದರು. ಆ ಕೋಣೆಯ ಒಡತಿ ನಾನು. ಹತ್ತಿಸಿ ಆರಿಸುವ ಆಟ ಅದರ ಆಯುಷ್ಯಕ್ಕೆ ಒಳ್ಳೆಯದಲ್ಲ ಎಂದು ಡೀಲರಿನವರು ಹೇಳಿದ್ದರಿಂದ ಸಂಜೆ ಪರದೆಯನ್ನಷ್ಟೇ ಆರಿಸಿ ಮನೆಗೆ ಹೋಗುತ್ತಿದ್ದೆ. ಮುಂಬಯಿಯಲ್ಲಿ ಕರೆಂಟ್ ಹೋಗುವುದು ಅಪರೂಪ, ಹೋದರೂ ಯುಪಿಎಸ್ ಇತ್ತು. ಹಾಗಾಗಿ ದಸರೆಯಿಂದ ದಸರೆಯವರೆಗೆ ಮೆಷೀನು ಕಣ್ಣು ಮುಚ್ಚುತ್ತಿರಲಿಲ್ಲ. ವರ್ಷಕ್ಕೊಮ್ಮೆ ಮಾತ್ರ, ಆಯುಧಪೂಜೆಯ ದಿನ, ಅದಕ್ಕೆ ವಿಶ್ರಾಂತಿ.

ಆ ಪೆಟ್ಟಿಗೆಯಲ್ಲಿ ಸಾಹೇಬರ ಕೆಲಸ ಬೇಕಾದಷ್ಟಿತ್ತು. ಅದು ಹೋದರೆ ಮತ್ತೆ ಮಾಡಬಹುದಿತ್ತು. ಮತ್ತೆ ಮಾಡಲಾಗದ್ದು ಒಂದೇ: ಮಾಸ್ತರರ ಅಕ್ಷರಗಳು.

ಮಾಸ್ತರರು ಬಿಜಾಪುರದ ಕಡೆಯವರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಕೈ ಅಷ್ಟು ಶುದ್ಧ ಎಂದು ಆ ಹೆಸರು. ಮುಂಬಯಿಯ ಕಂಪೆನಿಗಳು ಕನ್ನಡ ನಾಡಿಗೆ ಕಳಿಸುವ ಚಹಾಪುಡಿ, ಹಲ್ಲುಪುಡಿಗಳ ಮೇಲಿನ ಕನ್ನಡವನ್ನು ಆಯುಷ್ಯವಿಡೀ ಕುಂಚ ಹಿಡಿದು ಬರೆದವರು. ನಮ್ಮಂಥ ಮೆಷೀನು ಬಂದ ಮೇಲೆ ಆ ಕೆಲಸ ಕೈಬಿಟ್ಟುಹೋಯಿತು. ಬೇರೆಯವರಾಗಿದ್ದರೆ ಅದರ ಮೇಲೆ ಹಲ್ಲು ಮಸೆಯುತ್ತಿದ್ದರು. ಇವರು ಒಂದು ದಿನ ಗಾಜಿನ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಪರದೆಯ ಮೇಲಿದ್ದ ಕನ್ನಡವನ್ನು ನೋಡಿ, ಇವು ಉಪವಾಸ ಬಿದ್ದ ಅಕ್ಷರಗಳು, ನನ್ನವನ್ನು ಹಾಕಿಕೊಳ್ಳಿ ಎಂದರು. ಸಾಹೇಬರು ಒಪ್ಪಿದರು. ಮಾಸ್ತರರು ಅಂಗೈಯಷ್ಟು ದೊಡ್ಡ ಅಕ್ಷರಗಳನ್ನು ಬಿಳಿಯ ಬೋರ್ಡಿನ ಮೇಲೆ ಕಪ್ಪು ಶಾಯಿಯಲ್ಲಿ ಬರೆದು ತರುವುದು, ನಾನು ಅದನ್ನು ಸ್ಕ್ಯಾನ್ ಮಾಡಿ, ಅಂಚಿಗೆ ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಬಾಗು ಎಳೆಯುವುದು. ಅವರು ಪಕ್ಕದಲ್ಲಿ ಭೂತಗನ್ನಡಿ ಹಿಡಿದು ಕೂತು, "ಇನ್ನೊಂದು ಕೂದಲೆಳಿ ಒಳಗ ತಗೋ ತಂಗಿ" ಎನ್ನುವರು. ಒಂದು ಚುಕ್ಕಿಯನ್ನು ಒಂದು ಕೂದಲೆಳೆ ಸರಿಸಿ, ಅವರು ನೋಡಿ ತಲೆಯಾಡಿಸುವವರೆಗೆ ಕಾಯಬೇಕು. ನಾನು ಕೂತಲ್ಲೇ ಕಾಲು ಕುಣಿಸುತ್ತಿದ್ದೆ. ಮೇಜು ಅಲುಗುತ್ತದೆ ಎಂದು ಅವರು ಗದರುತ್ತಿದ್ದರು.

ಆ ಮಳೆಗಾಲದಲ್ಲಿ ಪರೇಲಿನಲ್ಲಿ ಅವರಿದ್ದ ಸಾಲುಕೋಣೆಗಳ ಚಾಳಿಗೆ ನೀರು ನುಗ್ಗಿತು. ಕೆಳಗಿನ ಕೋಣೆ ಅವರದು. ಮಂಚದಡಿಯ ಟ್ರಂಕಿನಲ್ಲಿದ್ದ ಬೋರ್ಡುಗಳೆಲ್ಲ ನೆಂದ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿಕೊಂಡವು. ಹೋಗಲಿ ಬಿಡು, ಮೆಷೀನಿನಲ್ಲಿ ಇದಾವಲ್ಲ ಎಂದು ಅವರೇ ನನಗೆ ಸಮಾಧಾನ ಹೇಳಿದರು. ಅಷ್ಟರಲ್ಲಿ ಅವರ ಕಣ್ಣೂ ಕೈಕೊಟ್ಟಿತ್ತು. ಕಣ್ಣಿನ ನಡುಭಾಗ ಸವೆದಿದೆ, ಆಪರೇಷನ್ನಿನಿಂದ ಸರಿಹೋಗುವಂಥದ್ದಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನೇರ ನೋಡಿದರೆ ಮಸುಕು, ಅಂಚಿನಿಂದ ಸ್ವಲ್ಪ ಕಾಣುತ್ತಿತ್ತು. ಕೋಳಿ ಕಾಳು ನೋಡುವ ಹಾಗೆ ಮುಖ ಓರೆ ಮಾಡಿ ಅಕ್ಷರ ನೋಡುತ್ತಿದ್ದರು. ವಿಕ್ರೋಳಿಯ ಒಂದು ಕಂಪೆನಿಯವರು, ದೀಪಾವಳಿಯೊಳಗೆ ಅಕ್ಷರಗಳ ಸೆಟ್ ಪೂರ್ತಿಯಾದರೆ ಕರ್ನಾಟಕಕ್ಕೆ ಹೋಗುವ ತಮ್ಮ ಎಲ್ಲ ಡಬ್ಬಿಗಳ ಮೇಲೂ ಅದನ್ನೇ ಬಳಸುತ್ತೇವೆ ಎಂದಿದ್ದರು. ಉಳಿದದ್ದು ಅಲ್ಪಸ್ವಲ್ಪ ತಿದ್ದುಪಡಿ ಮಾತ್ರ.

ಖಂಡೇನವಮಿಯ ದಿನ, ಅಂದರೆ ಆಯುಧಪೂಜೆಗೆ, ಸಾಹೇಬರ ತಾಯಿ ಬಂದರು. ನಮಗೆಲ್ಲ ಅವರು ಆಜಿ, ಅಂದರೆ ಅಜ್ಜಿ; ಪ್ರತಿವರ್ಷ ಪೂಜೆ ಅವರದೇ. ಅವರು ಬರುವ ಮೊದಲು ನಾನು ಎಲ್ಲವನ್ನೂ ಉಳಿಸಿ ಮೆಷೀನನ್ನು ಆರಿಸಿದೆ. ಪರದೆ ಕಪ್ಪಾಯಿತು, ಒಳಗೆ ವರ್ಷವಿಡೀ ಗುಂಯ್ ಎನ್ನುತ್ತಿದ್ದ ಡಿಸ್ಕ್ ಇಳಿದು ಇಳಿದು ಸುಮ್ಮನಾಯಿತು. ಆ ಸದ್ದು ನಿಂತ ಕೂಡಲೇ ಕೋಣೆ ಬೇರೆಯೇ ಆದಂತೆ ಅನಿಸಿತು. ಆಜಿ ಚೆಂಡುಹೂವಿನ ಮಾಲೆ ಹಾಕಿ, ಪೆಟ್ಟಿಗೆಗೆ, ಪರದೆಗೆ, ಕೀಬೋರ್ಡಿಗೆ, ಮೌಸಿಗೆ ಅರಿಸಿನ ಕುಂಕುಮ ಹಚ್ಚಿದರು. ಆ ವರ್ಷ ಹೊಸದಾಗಿ ಬಂದದ್ದೊಂದಿತ್ತು. ಕಾಪಿ ಇಡುವುದಕ್ಕೆಂದು ತಂದ ಕಾರ್ಟ್ರಿಜ್. ಪುಸ್ತಕದಷ್ಟು ಅಗಲದ ಪ್ಲಾಸ್ಟಿಕ್ ಕವಚ, ಒಳಗೆ ಹೊಳೆಯುವ ತಟ್ಟೆ. ಅದು ಬಂದ ಮೇಲೆ ಫ್ಲಾಪಿಗೆ ಕಾಪಿ ಮಾಡುವುದನ್ನು ಬಿಟ್ಟುಬಿಟ್ಟಿದ್ದೆವು, ಹಳೆಯ ಫ್ಲಾಪಿಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡಿದ್ದೆವು. ಹೊಸ ವಸ್ತುವಿಗೆ ಪೂಜೆ ಜೋರು. ಬರೀ ಡಬ್ಬಿಗೆ ಕುಂಕುಮ ಹಚ್ಚಿದರೆ ಒಳಗಿನದಕ್ಕೆ ಮುಟ್ಟುತ್ತದೆಯೇ ಎಂದು ಆಜಿ ಏನೋ ಹೇಳಿದ್ದು ಕಿವಿಗೆ ಬಿತ್ತು. ನಾನು ಆಗ ಪೇಢೆ ಹಂಚುತ್ತಿದ್ದೆ.

ದಸರೆಯ ದಿನ ಕಚೇರಿಗೆ ರಜೆ, ಆದರೆ ಮುಹೂರ್ತಕ್ಕೆ ಬಂದು ಒಂದಿಷ್ಟು ಕೆಲಸ ಮಾಡಿ ಹೋಗುವುದು ರೂಢಿ. ಮೆಷೀನಿಗೆ ಬೇರೆ ಸ್ವಿಚ್ಚಿಲ್ಲ. ಕೀಬೋರ್ಡಿನ ಮೇಲೆ ತ್ರಿಕೋನದ ಗುರುತಿರುವ ಕೀಲಿ ಒತ್ತಿದರೆ ಗಂಟೆ ಬಾರಿಸಿದಂತೆ ಒಂದು ನಾದ ಬಂದು ಅದು ಏಳಬೇಕು. ಒತ್ತಿದೆ. ನಾದವಿಲ್ಲ. ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಕೊಟ್ಟೆ. ಟೆಸ್ಟರ್ ಇಟ್ಟು ನೋಡಿದೆ, ಕರೆಂಟ್ ಬರುತ್ತಿದೆ. ಕೀಬೋರ್ಡಿನ ಸಂದಿಯಲ್ಲಿ ಅರಿಸಿನ ಸೇರಿರಬಹುದೆಂದು ಬ್ರಷ್ಷಿನಿಂದ ಗುಡಿಸಿದೆ. ಹಳೆಯ ಕೀಬೋರ್ಡ್ ಹುಡುಕಿ ತಂದು ಸಿಕ್ಕಿಸಿದೆ. ಏನೂ ಇಲ್ಲ. ಕೂತೆ, ಎದ್ದೆ, ಬಾಗಿಲವರೆಗೆ ಹೋಗಿ ಬಂದೆ, ಮತ್ತೆ ಒತ್ತಿದೆ.

ಅಷ್ಟರಲ್ಲಿ ಮಾಸ್ತರರು ಬಂದರು, ಕೈಯಲ್ಲಿ ಬನ್ನಿ. ದಾದರಿನ ಮಾರ್ಕೆಟ್ಟಿನಲ್ಲಿ ಸಿಗುವುದು ಮರಾಠಿಯವರು ಸೋನ, ಅಂದರೆ ಬಂಗಾರ, ಎಂದು ಹಂಚುವ ಆಪಟೆ ಎಲೆ. ಮಾಸ್ತರರು ಅದನ್ನೇ ಬನ್ನಿ ಎನ್ನುತ್ತಿದ್ದರು, ನಾವೂ ಒಪ್ಪಿಕೊಂಡಿದ್ದೆವು. ನನ್ನ ಮುಖ ಅವರಿಗೆ ಸರಿಯಾಗಿ ಕಾಣಲಿಲ್ಲ, ಆದರೆ ಕೀಲಿ ಒತ್ತುವ ಸದ್ದು ಕೇಳಿಸಿತು.

"ಇನ್ನೂ ಎದ್ದಿಲ್ಲೇನು?" ಎಂದರು.

"ಇಲ್ಲ ಮಾಸ್ತರೇ. ಯಾಕೋ ಏನೋ, ಏಳ್ತಾನೇ ಇಲ್ಲ."

ಅವರು ಎಲೆಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. "ಹಬ್ಬದ ದಿನ ಅದಕ್ಕೂ ನಿದ್ದಿ ಹತ್ತಿರಬೇಕು. ಅದು ಏಳಲಿ, ಆಮ್ಯಾಲ ನಿಮಗಿಬ್ಬರಿಗೂ ಕೂಡೇ ಬನ್ನಿ ಕೊಡ್ತೀನಿ."

ಮರುದಿನ ಡೀಲರಿನ ಎಂಜಿನಿಯರ್ ಬಂದ. ಟೈ ಕಟ್ಟಿದ್ದ. ನಾನು ಒತ್ತಿದ ಕೀಲಿಯನ್ನೇ ಅವನೂ ಒತ್ತಿದ, ನಾನು ಕಿತ್ತ ವೈರನ್ನೇ ಕಿತ್ತ. ಪೆಟ್ಟಿಗೆಯನ್ನು ತೆರೆಯಲಿಲ್ಲ. ಹಿಂಬದಿಯ ಸ್ಕ್ರೂ ಮೇಲೆ ಅಂಟಿಸಿದ ಅವರ ಕಂಪೆನಿಯ ಸೀಲ್ ಒಡೆಯುವ ಅಧಿಕಾರ ಅವನಿಗೂ ಇಲ್ಲವಂತೆ. ಮೇನ್ ಬೋರ್ಡ್ ಹೋಗಿದೆ, ಮಂಗಳವಾರ ಗಾಡಿ ಕಳಿಸುತ್ತೇವೆ, ಮೆಷೀನು ಸಿಂಗಪುರಕ್ಕೆ ಹೋಗಿ ಬರುತ್ತದೆ ಎಂದ. ಡಿಸ್ಕಿನಲ್ಲಿ ಇರುವುದು ಏನಾಗುತ್ತದೆ ಎಂದು ನಾನು ಕೇಳಿದೆ. ಅವರ ಪದ್ಧತಿಯಲ್ಲಿ ಬೋರ್ಡು ಡಿಸ್ಕು ಎರಡೂ ಬದಲಾಗಿ ಹೊಸವು ಬರುತ್ತವೆ, ಹಳೆಯದರಲ್ಲಿ ಇರುವುದಕ್ಕೆ ಕಂಪೆನಿ ಜವಾಬ್ದಾರಿಯಲ್ಲ. ಹಳೆಯ ಡಿಸ್ಕನ್ನು ನಮಗೇ ಬಿಟ್ಟುಹೋಗಿ ಎಂದರೆ ಅದಕ್ಕೂ ನಿಯಮವಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಅವನ ಟೈ ಹಿಡಿದು ಜಗ್ಗಬೇಕೆನಿಸಿತು. ಚಹಾ ಕೊಟ್ಟು ಕಳಿಸಿದೆ.

ನನಗೆ ಆಗ ಭಯವಿರಲಿಲ್ಲ. ಕಾರ್ಟ್ರಿಜ್ ಇತ್ತಲ್ಲ. ಫೋರ್ಟಿನಲ್ಲಿ ಅಂಥದೇ ಮೆಷೀನಿದ್ದ ಸ್ಟುಡಿಯೋ ಒಂದಿತ್ತು. ಶನಿವಾರ ಬೆಳಿಗ್ಗೆ ಕಾರ್ಟ್ರಿಜನ್ನು ಟವೆಲ್ಲಿನಲ್ಲಿ ಸುತ್ತಿ, ಎದೆಗೊತ್ತಿಕೊಂಡು, ಲೇಡೀಸ್ ಡಬ್ಬಿಯ ನೂಕುನುಗ್ಗಲಿನಲ್ಲಿ ಚರ್ಚ್‌ಗೇಟಿಗೆ ಹೋಗಿ, ಅಲ್ಲಿಂದ ಫೋರ್ಟಿಗೆ ನಡೆದೆ. ಅಲ್ಲಿಯ ಆಪರೇಟರ್ ಒಳ್ಳೆಯವನು. ಡ್ರೈವಿಗೆ ಹಾಕುವ ಮೊದಲು ಅಭ್ಯಾಸದಂತೆ ಕವಚದ ಪುಟ್ಟ ಬಾಗಿಲನ್ನು ಸರಿಸಿ ನೋಡಿದ. ನೋಡಿ ನನ್ನ ಮುಖ ನೋಡಿದ. ಕನ್ನಡಿಯಂಥ ತಟ್ಟೆಯ ಮೇಲೆ ಅರಿಸಿನದ ಒಂದು ಬೊಟ್ಟು, ಅದರ ನಡುವೆ ಅಚ್ಚುಕಟ್ಟಾಗಿ ಕುಂಕುಮ, ಅದಕ್ಕಂಟಿದ ಒಂದು ಅಕ್ಷತೆ ಕಾಳು. ಆಜಿ ಉಗುರಿನಿಂದ ಬಾಗಿಲು ಸರಿಸಿ, ಒಳಗಿನದಕ್ಕೇ ಮುಟ್ಟಿಸಿದ್ದರು.

ತಟ್ಟೆಯ ಮೇಲೆ ಧೂಳಿನ ಕಣ ಬಿದ್ದರೂ ಓದುವ ಸೂಜಿ ಹಾಳಾಗುತ್ತದೆ, ಇದನ್ನು ಹಾಕಿದರೆ ತನ್ನ ಡ್ರೈವೂ ಸಾಯುತ್ತದೆ ಎಂದು ಅವನು ಹಿಂದಿಯಲ್ಲಿ ಮೆಲ್ಲಗೆ ಹೇಳಿದ. ಒರೆಸಿದರೆ ಎಂದೆ. ಒರೆಸಿದರೆ ಗೀಚುತ್ತದೆ, ಮುಗಿದ ಹಾಗೆ. ನನ್ನ ಅವಸ್ಥೆ ನೋಡಿ ನೀರು ತರಿಸಿಕೊಟ್ಟ. ಏನಾದರೂ ಹೇಳಬೇಕೆಂದು, ತಮ್ಮದೊಂದು ಡಿಸ್ಕ್ ಹೀಗೇ ವರ್ಷಗಟ್ಟಲೆ ನಿಲ್ಲದೆ ತಿರುಗಿ ಒಮ್ಮೆ ಆರಿಸಿದಾಗ ಅಂಟಿಕೊಂಡು ಕೂತದ್ದನ್ನೂ, ಕೈಯಲ್ಲಿ ಹಿಡಿದು ಝಟ್ಟೆಂದು ತಿರುವಿದಾಗ ಬಿಟ್ಟುಕೊಂಡದ್ದನ್ನೂ ಹೇಳಿದ. ನಾನು ಅರ್ಧ ಕೇಳಿದೆ, ಅರ್ಧ ಬಿಟ್ಟೆ.

ಹಿಂದಿರುಗುವಾಗ ನನಗೆ ಸಿಟ್ಟು ಬಂದಿತ್ತು, ಆದರೆ ಅದನ್ನು ಯಾರ ಮೇಲೆ ಇಡುವುದೆಂದು ತಿಳಿಯಲಿಲ್ಲ. ಆ ಮುದುಕಿ ಎಂಬತ್ತರ ಹತ್ತಿರ ಬಂದವರು, ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರು ಬಿಡುತ್ತ ಮಾಳಿಗೆ ಹತ್ತಿ, ನಮ್ಮ ಕೆಲಸ ಚೆನ್ನಾಗಿರಲಿ ಎಂದೇ ಕುಂಕುಮ ಹಚ್ಚಿದ್ದರು. ನಾನೂ ಕೈ ಮುಗಿದಿದ್ದೆ. ದಾದರಿನಲ್ಲಿ ಇಳಿಯುವುದನ್ನು ಮರೆತು ಬಾಂದ್ರಾದವರೆಗೆ ಹೋಗಿಬಿಟ್ಟೆ.

ಭಾನುವಾರ ಮನೆಯಲ್ಲಿ ನನ್ನನ್ನು ಸಹಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಸಾರಿಗೆ ಉಪ್ಪು ಹಾಕಲಿಲ್ಲ, ಪಲ್ಯಕ್ಕೆ ಎರಡು ಸಲ ಹಾಕಿದೆ. ಹೊರಗಾದರೂ ಹೋಗಿ ಬಾ ಎಂದು ಯಜಮಾನರು ತರಕಾರಿ ಚೀಲ ಕೊಟ್ಟು ಕಳಿಸಿದರು. ಬರುವಾಗ ನಮ್ಮ ಫ್ಲ್ಯಾಟುಗಳ ಸೊಸೈಟಿಯ ಗೇಟು ಹಾಕಿತ್ತು. ವಾಚ್‌ಮನ್ ಎಲ್ಲಿಗೋ ಹೋಗಿದ್ದ. ಒಳಗೆ ಮನೆಮನೆಯಲ್ಲೂ ಜನ, ಟೀವಿಯ ಸದ್ದು, ಕುಕ್ಕರಿನ ಸೀಟಿ. ನಾನು ಗೇಟು ಬಡಿಯುತ್ತಲೇ ಇದ್ದೆ, ಯಾರಿಗೂ ಕೇಳಿಸಲಿಲ್ಲ. ಎಲ್ಲರೂ ಇದ್ದಾರೆ, ಬಡಿದದ್ದನ್ನು ಕೇಳಿಸಿಕೊಳ್ಳುವವನೊಬ್ಬ ಇಲ್ಲ ಎಂದು ಬೈದುಕೊಳ್ಳುತ್ತಿದ್ದಂತೆ ನನ್ನ ಕೈ ಗೇಟಿನ ಮೇಲೆ ನಿಂತುಬಿಟ್ಟಿತು.

ನಾನು ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ಆದರೂ ಇದು ಇಷ್ಟು ದಿನ ಹೊಳೆದಿರಲಿಲ್ಲ. ಆ ತ್ರಿಕೋನದ ಕೀಲಿ ಕರೆಂಟಿನ ಸ್ವಿಚ್ಚಲ್ಲ, ಅದು ಬರೀ ಬಾಗಿಲು ಬಡಿಯುವುದು. ಮೆಷೀನು ಮಲಗಿದ್ದಾಗಲೂ ಒಳಗೆ ಯಾರೋ ಒಬ್ಬ ಎಚ್ಚರವಾಗಿದ್ದು ಅದನ್ನು ಕೇಳಿಸಿಕೊಂಡು ಪವರ್ ಸಪ್ಲೈಗೆ ಏಳು ಎನ್ನಬೇಕು. ಅವನಿಗೆ ಊಟ ಎಲ್ಲಿಂದ? ಒಳಗೆ ಎಲ್ಲೋ ಒಂದು ಸಣ್ಣ ಸೆಲ್ ಇರಲೇಬೇಕು. ಹೋದ ದಸರೆಗೂ ಈ ದಸರೆಗೂ ನಡುವೆ ಅದು ಯಾವಾಗಲೋ ಸತ್ತಿರಬೇಕು. ಮೆಷೀನು ಎಚ್ಚರವಾಗೇ ಇದ್ದದ್ದರಿಂದ ನಮಗೆ ತಿಳಿಯಲಿಲ್ಲ. ಬೋರ್ಡು ಕೆಟ್ಟಿಲ್ಲ, ವಾಚ್‌ಮನ್ ಇಲ್ಲ ಅಷ್ಟೇ.

ಸೋಮವಾರ ಬೆಳಿಗ್ಗೆ ನೇರ ಸಾಹೇಬರ ಕೋಣೆಗೆ ಹೋಗಿ, ಸೀಲ್ ಒಡೆದು ಮೆಷೀನು ಬಿಚ್ಚಬೇಕು ಎಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಸೀಲ್ ಒಡೆದರೆ ಡೀಲರು ಇನ್ನು ಮುಂದೆ ಮೆಷೀನನ್ನು ಮುಟ್ಟುವುದಿಲ್ಲ, ನಾಳೆ ನಿಜವಾಗಿ ಕೆಟ್ಟರೆ ಅದು ಗುಜರಿಗೆ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಸ್ಟುಡಿಯೋ ನಿಂತದ್ದೇ ಆ ಪೆಟ್ಟಿಗೆಯ ಮೇಲೆ. ನನ್ನ ಊಹೆ ತಪ್ಪಾದರೆ ಅವರಿಗೂ ನನಗೂ ಅನ್ನವಿಲ್ಲ.

ಅಷ್ಟರಲ್ಲಿ ಮಾಸ್ತರರು ಬಂದರು. ಕಂಕುಳಲ್ಲಿ ಒಂದು ಹೊಸ ಬಿಳಿಯ ಬೋರ್ಡ್. ಕಾರ್ಟ್ರಿಜಿನ ಸುದ್ದಿ ಅವರಿಗೆ ಶನಿವಾರವೇ ಹೇಳಿದ್ದೆ. ಮತ್ತೆ ಬರೆಯೋಣವೆಂದು ಭಾನುವಾರ ಇಡೀ ಕೂತಿದ್ದರಂತೆ. ಬೋರ್ಡನ್ನು ಮೇಜಿನ ಮೇಲಿಟ್ಟರು. ಒಂದೇ ಅಕ್ಷರ, ಣ. ಆ ಕೈಯ ಬಾಗು ಹಾಗೇ ಇತ್ತು, ತುಂಬಿದ ಹೊಟ್ಟೆ ಹಾಗೇ ಇತ್ತು. ಆದರೆ ಸುತ್ತಿ ಬಂದ ಗೆರೆ ತಾನು ಹೊರಟಲ್ಲಿಗೆ ಬಂದು ಸೇರಿರಲಿಲ್ಲ. ಒಂದು ಬೆರಳು ಆಚೆ ಹೋಗಿ ನಿಂತಿತ್ತು. ಸೇರಿದೆಯೋ ಇಲ್ಲವೋ ಎಂದು ಅವರು ಕೇಳಲಿಲ್ಲ. ನಮ್ಮಿಬ್ಬರಲ್ಲಿ ಯಾರೂ ಮಾತಾಡದ್ದರಿಂದಲೇ ಅವರಿಗೆ ತಿಳಿಯಿತು.

"ಮಾಸ್ತರೇ, ಬಿಚ್ಚಿದ್ರೆ ಏನಾಗುತ್ತೋ ನಂಗೆ ಗೊತ್ತಿಲ್ಲ," ಎಂದೆ. "ಎಲ್ಲಾದ್ರೂ ಸುಟ್ಟುಹೋದ್ರೆ ನಿಮ್ಮ ಅಕ್ಷರ ಒಂದೂ ಉಳಿಯಲ್ಲ."

"ನಾಳೆ ಅವರು ಒಯ್ದರ ಉಳೀತಾವೇನು?"

"ಇಲ್ಲ."

"ಹಂಗಾದ್ರ ಮತ್ತೇನ್ ಕೇಳ್ತಿ ತಂಗಿ, ತಗಿ."

ನಾನು ಸ್ಕ್ರೂಡ್ರೈವರ್ ತಂದು ಗಾಜಿನ ಕೋಣೆಗೆ ನಡೆದೆ. ಸಾಹೇಬರು ಬೇಡ ಎಂದಿದ್ದರೂ ಬಿಚ್ಚುತ್ತಿದ್ದೆ, ಕೆಲಸ ಹೋದರೂ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವರು ಹಿಂದೆಯೇ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿದರು.

"ಮಶೀನ್ ಮಾಝೀ ಆಹೆ," ಎಂದರು ಮರಾಠಿಯಲ್ಲಿ. "ಸೀಲ್ ಮೀಚ್ ತೋಡ್ತೋ."

ಮೆಷೀನು ನನ್ನದು, ಸೀಲನ್ನು ನಾನೇ ಒಡೆಯುತ್ತೇನೆ ಎಂದು. ಉಗುರಿನಿಂದ ಕೆರೆದು ಕಿತ್ತು, ಅದನ್ನು ಮುದ್ದೆ ಮಾಡಿ ಜೇಬಿಗೆ ಹಾಕಿಕೊಂಡರು. ನಾಳೆ ಡೀಲರು ಕೇಳಿದರೆ ನನ್ನ ಹೆಸರು ಬರಬಾರದೆಂದು ಹಾಗೆ ಮಾಡಿದರೆಂದು ಆಮೇಲೆ ಅರ್ಥವಾಯಿತು.

ಮುಚ್ಚಳ ಹಿಂದಿನಿಂದ ಎತ್ತಿದರೆ ಸಲೀಸಾಗಿ ಬಂತು. ಒಳಗೆ ಎಡಕ್ಕೆ ಪವರ್ ಸಪ್ಲೈಯ ಡಬ್ಬಿ, ಮುಂದೆ ಡಿಸ್ಕ್, ಹಿಂದೆ ಸಾಲಾಗಿ ಕಾರ್ಡುಗಳು. ಎಲ್ಲದರ ಮೇಲೂ ತೆಳುವಾದ ಧೂಳು. ಹುಡುಕಿದೆ. ಬೋರ್ಡಿನ ಅಂಚಿನಲ್ಲಿ ಅರ್ಧ ಬೆರಳುದ್ದದ ಎರಡು ಸೆಲ್ ಬೆಸುಗೆ ಹಾಕಿ ಕೂರಿಸಿದ್ದವು. ಕೈಯಲ್ಲಿ ತೆಗೆದು ಬದಲಿಸುವಂತಿರಲಿಲ್ಲ. ಮೂರೂವರೆ ವೋಲ್ಟಿಗಿಂತ ತುಸು ಹೆಚ್ಚಿರಬೇಕೆಂದು ಅವುಗಳ ಮೈಮೇಲೇ ಬರೆದಿತ್ತು. ಮಲ್ಟಿಮೀಟರ್ ಇಟ್ಟೆ. ಮುಳ್ಳು ಅಲುಗಿತೋ ಇಲ್ಲವೋ ಎನ್ನುವಷ್ಟು. ಒಂದು ಮೆಷೀನಿನ ಗಡಿಯಾರ ನಡೆಸುವುದು, ಇನ್ನೊಂದು ಎಬ್ಬಿಸುವುದು. ಎರಡೂ ಸತ್ತಿದ್ದವು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಸತ್ತದ್ದನ್ನು ನೋಡಿ ಇಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಸಂತೋಷ ಲ್ಯಾಮಿಂಗ್ಟನ್ ರೋಡಿನವರೆಗೆ ಮಾತ್ರ. ರೇಡಿಯೋ ಬಿಡಿಭಾಗಗಳ ಆ ಬೀದಿಯಲ್ಲಿ ಇಲ್ಲದ್ದಿಲ್ಲ ಎನ್ನುತ್ತಾರೆ. ಅಂಗಡಿ ಅಂಗಡಿ ಹತ್ತಿಳಿದೆ. ಕೈಗಡಿಯಾರದ ಸೆಲ್ ಇತ್ತು, ಕ್ಯಾಮೆರಾದ್ದಿತ್ತು, ಇದೊಂದಿಲ್ಲ. ತರಿಸಿಕೊಡುತ್ತೇವೆ, ದೀಪಾವಳಿ ಆದ ಮೇಲೆ ಬನ್ನಿ ಎಂದರು. ಗಾಡಿ ಬರುವುದು ನಾಳೆ. ಬೀದಿಯಲ್ಲೇ ನಿಂತು ಲೆಕ್ಕ ಹಾಕಿದೆ. ಟ್ರಾನ್ಸಿಸ್ಟರಿಗೆ ಹಾಕುವ ಪೆನ್ಸಿಲ್ ಸೆಲ್ ಒಂದಕ್ಕೆ ಒಂದೂವರೆ ವೋಲ್ಟ್. ಎರಡಾದರೆ ಕಡಿಮೆ, ಮೂರಾದರೆ ಹೆಚ್ಚು. ಮೂರು ಹಾಕಿ ನಡುವೆ ಒಂದು ಡಯೋಡ್ ಸೇರಿಸಿದರೆ ಮುಕ್ಕಾಲು ವೋಲ್ಟಿನ ಹತ್ತಿರ ಅದು ನುಂಗಿಕೊಳ್ಳುತ್ತದೆ, ಹೆಚ್ಚುಕಡಿಮೆ ಸರಿಹೋಗುತ್ತದೆ. ಸೆಲ್, ಅವನ್ನು ಕೂರಿಸುವ ಪ್ಲಾಸ್ಟಿಕ್ ಹೋಲ್ಡರ್, ಡಯೋಡ್, ತೆಳು ವೈರು ಕೊಂಡು ಗ್ರಾಂಟ್ ರೋಡ್ ಸ್ಟೇಷನ್ನಿಗೆ ಓಡಿದೆ.

ಗಡಿಯಾರದ ಸೆಲ್ಲಿನ ಗೊಡವೆಗೆ ಹೋಗಲಿಲ್ಲ. ಎಬ್ಬಿಸುವ ಸೆಲ್ಲಿನ ಎರಡು ಕಾಲು ಕತ್ತರಿಸಿ ತೆಗೆದು, ಉಳಿದ ಮೋಟಿಗೆ ವೈರು ಬೆಸುಗೆ ಹಾಕಿದೆ. ಮುಂಗೈಯನ್ನು ಮೇಜಿಗೆ ಒತ್ತಿ ಹಿಡಿದುಕೊಂಡಿದ್ದೆ. ಹೆಚ್ಚು ಕೊಟ್ಟು ಸುಡುವುದಕ್ಕಿಂತ ಕಡಿಮೆಯಿಂದ ಶುರು ಮಾಡೋಣವೆಂದು ಮೊದಲು ಎರಡೇ ಸೆಲ್ ಹಾಕಿ ಕೀಲಿ ಒತ್ತಿದೆ. ಪವರ್ ಸಪ್ಲೈಯಲ್ಲಿ ಟಕ್ ಎಂದು ಒಂದು ಸದ್ದು ಬಂದು ನಿಂತಿತು. ಮೂರನೆಯ ಸೆಲ್ ಸೇರಿಸಿ ಡಯೋಡ್ ಜೋಡಿಸಿದೆ. ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಮಾಸ್ತರರು ತಮ್ಮ ಎಂದಿನ ಕುರ್ಚಿಯಲ್ಲಿದ್ದರು. ಒತ್ತಿದೆ.

ನಾದ ಬಂತು. ಗಂಟೆಯಂಥ ಆ ನಾದ ಕೋಣೆಯೆಲ್ಲ ತುಂಬಿತು. ಸಾಹೇಬರು ಗಣಪತಿ ಬಪ್ಪಾ ಎಂದು ಶುರು ಮಾಡಿದವರು ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದರು. ಪರದೆ ಬೆಳಗಿತ್ತು, ಆದರೆ ಅದರ ನಡುವೆ ಫ್ಲಾಪಿಯ ಒಂದು ಚಿತ್ರ, ಚಿತ್ರದೊಳಗೆ ಮಿಟುಕುವ ಪ್ರಶ್ನಾರ್ಥಕ ಚಿಹ್ನೆ. ಡಿಸ್ಕ್ ಕಾಣಿಸುತ್ತಿಲ್ಲ ಎಂದು ಅದರ ಅರ್ಥ. ಕಿವಿಗೊಟ್ಟೆ. ಆ ಗುಂಯ್ ಇಲ್ಲ. ಎದ್ದದ್ದು ಮೆಷೀನು ಮಾತ್ರ, ಅಕ್ಷರಗಳಿದ್ದ ಡಿಸ್ಕ್ ಏಳಲೇ ಇಲ್ಲ.

"ಏನಾತು?" ಎಂದರು ಮಾಸ್ತರರು.

ಫೋರ್ಟಿನ ಆಪರೇಟರ್ ಹೇಳಿ ನಾನು ಅರ್ಧ ಕೇಳಿ ಬಿಟ್ಟ ಮಾತು ತಲೆಯಲ್ಲಿ ತಿರುಗುತ್ತಿತ್ತು. ಮೆಷೀನು ಆರಿಸಿದೆ. ಡಿಸ್ಕನ್ನು ಅದರ ಗೂಡಿನಿಂದ ಬಿಡಿಸಿ, ವೈರು ಹಾಗೇ ಇರುವಂತೆ ಹೊರಗೆ ತೆಗೆದೆ. ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡದು, ತಣ್ಣಗಿತ್ತು. ವರ್ಷವಿಡೀ ಬೆಚ್ಚಗಿದ್ದದ್ದು. ಎರಡು ಕೈಯಲ್ಲಿ ಸಮತಟ್ಟಾಗಿ ಹಿಡಿದು, ಸಾಹೇಬರಿಗೆ ಕೀಲಿ ಒತ್ತಲು ಹೇಳಿದೆ. ನಾದ ಬಂತು. ಉಪ್ಪಿನಕಾಯಿ ಭರಣಿಯ ಮುಚ್ಚಳ ಬಿಗಿಯಾದಾಗ ತಿರುವುವ ಹಾಗೆ ಝಟ್ಟೆಂದು ಒಮ್ಮೆ ತಿರುವಿದೆ. ಏನೂ ಆಗಲಿಲ್ಲ. ಇನ್ನೂ ಜೋರಾಗಿ ತಿರುವಿದರೆ ಒಳಗಿನ ಸೂಜಿ ಮುರಿದೀತು, ತಿರುವದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಕಣ್ಣು ಮುಚ್ಚಿ ಮತ್ತೊಮ್ಮೆ ತಿರುವಿದೆ.

ಅಂಗೈಯಲ್ಲಿ ಮೊದಲು ಒಂದು ನಡುಕ, ಆಮೇಲೆ ಮೆಲ್ಲಗೆ ಏರುತ್ತ ಏರುತ್ತ ಆ ಗುಂಯ್. ನಾನು ಅಲ್ಲಾಡಲಿಲ್ಲ. ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹೋಗಿ ನಗುವ ಮುಖದ ಚಿತ್ರ ಬಂತು. ನನಗೆ ಅಳು ಬಂತು. ಡಿಸ್ಕ್ ಕೈಯಲ್ಲಿದ್ದದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಸಾಹೇಬರು ಅವರೇ ಓಡಿಹೋಗಿ ಫ್ಲಾಪಿಯ ಡಬ್ಬಿ ತಂದರು. ಡಿಸ್ಕನ್ನು ಮಡಿಸಿದ ಟವೆಲ್ಲಿನ ಮೇಲಿಟ್ಟು, ಬೇರೆ ಯಾವುದನ್ನೂ ಮುಟ್ಟದೆ ಮೊದಲು ಮಾಸ್ತರರ ಅಕ್ಷರಗಳನ್ನು ಫ್ಲಾಪಿಗೆ ಇಳಿಸಿದೆ. ಒಂದು ಕಾಪಿ, ಅದರದೊಂದು ಕಾಪಿ, ಮತ್ತೊಂದು. ಒಂದನ್ನು ಸಾಹೇಬರು ಬೀರುವಿನಲ್ಲಿಟ್ಟರು, ಒಂದು ನನ್ನ ಚೀಲಕ್ಕೆ, ಒಂದು ಮಾಸ್ತರರ ಕೈಗೆ. ಗಡಿಯಾರದ ಸೆಲ್ ಸತ್ತೇ ಇದ್ದದ್ದರಿಂದ ಮೆಷೀನಿಗೆ ಕಾಲವೇ ಮರೆತುಹೋಗಿತ್ತು. ಇಪ್ಪತ್ತನೆಯ ಶತಮಾನದ ಶುರುವಿನ ಒಂದು ದಿನಾಂಕ ತೋರಿಸುತ್ತಿತ್ತು. ಅದನ್ನು ಓದಿ ಹೇಳಿದೆ.

"ಆಗ ನಮ್ಮಪ್ಪನ ಲಗ್ನನೂ ಆಗಿದ್ದಿಲ್ಲ," ಎಂದು ಮಾಸ್ತರರು ನಕ್ಕರು. ದಸರೆಯಾದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಸಂಜೆಯಾಗಿತ್ತು. ಕೆಳಗೆ ಮಾರ್ಕೆಟ್ಟಿನಲ್ಲಿ ಉಳಿದ ಹೂವನ್ನು ಅಗ್ಗಕ್ಕೆ ಕೂಗುತ್ತಿದ್ದರು. ನಾನು ಚೀಲ ಎತ್ತಿಕೊಳ್ಳುವುದರಲ್ಲಿದ್ದೆ. ಲೋಕಲ್ ಹಿಡಿಯಬೇಕು, ಮನೆಯಲ್ಲಿ ಹೇಳಬೇಕು, ಕಾಲಾಗಲೇ ಬಾಗಿಲ ಕಡೆಗಿತ್ತು. ಮಾಸ್ತರರು ಮಾತ್ರ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡರು. ಣ ತೆಗಿ, ದೊಡ್ಡದು ಮಾಡು ಎಂದರು. ಪರದೆ ತುಂಬ ಒಂದೇ ಅಕ್ಷರ ಬರುವಂತೆ ಹಿಗ್ಗಿಸಿದೆ. ಅವರು ಮುಖ ಓರೆ ಮಾಡಿದರು. ಒಂದು ಕಡೆಯಿಂದ ನೋಡಿದರು, ಕುರ್ಚಿ ಸರಿಸಿ ಇನ್ನೊಂದು ಕಡೆಯಿಂದ ನೋಡಿದರು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ನಾನು ಚೀಲ ಕೆಳಗಿಟ್ಟು ಕೂತೆ. ಕಾಲು ಕುಣಿಸಲಿಲ್ಲ.

ಬಹಳ ಹೊತ್ತಾದ ಮೇಲೆ ಅವರ ಬೆರಳು ಪರದೆಯ ಮೇಲೆ ಬಂದು ನಡುವಿನ ಬಾಗಿನ ಹತ್ತಿರ ನಿಂತಿತು. "ಇಲ್ಲಿ. ಇನ್ನೊಂದು ಕೂದಲೆಳಿ ಒಳಗ ತಗೋ."

ಚುಕ್ಕಿಯನ್ನು ಸರಿಸಿದೆ. ಅವರು ಮತ್ತೆ ನೋಡಿದರು.

"ಈಗ ಆತು," ಎಂದರು. ಜೇಬಿಗೆ ಕೈ ಹಾಕಿ ಎಲೆಗಳನ್ನು ತೆಗೆದರು. ಒಣಗಿ ಗರಿಗರಿಯಾಗಿದ್ದವು. ಒಂದನ್ನು ಕೀಬೋರ್ಡಿನ ಮೇಲಿಟ್ಟರು, ಒಂದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ಬನ್ನಿ ತಗೊಂಡು ಬಂಗಾರದಂಗ ಇರೂಣು ತಂಗಿ."

ದೀಪಾವಳಿ ಕಳೆದ ಮೇಲೆ ವಿಕ್ರೋಳಿಯವರ ಡಬ್ಬಿಗಳು ಅಚ್ಚಾಗಿ ಬಂದಾಗ ಅವರು ಅವನ್ನು ಬೆರಳಿನಿಂದ ಸವರಿ ನೋಡಿದರು. ಅಷ್ಟರಲ್ಲಿ ಕಣ್ಣಂಚಿನಿಂದಲೂ ಅಕ್ಷರ ಕಾಣದಾಗಿತ್ತು. ಅವರು ಕಣ್ಣಾರೆ ನೋಡಿ ತಿದ್ದಿಸಿದ ಕೊನೆಯ ಅಕ್ಷರ ಆ ಣ. ಆ ಸಂಜೆ ಅವರು ಎಷ್ಟು ಹೊತ್ತು ನೋಡಿದರೋ ಅಷ್ಟು ಹೊತ್ತೂ ನಾನು ಕಾದಿದ್ದೆ.